ಎರಡು ಸೆಂಟಿನ ಕಾರ್ಡಿನ ಬೆನ್ನು ಹತ್ತಿ

ಮೊದಲ ದಿನ: ಹಳೇ ರಸ್ತೆ, ಹಳೇ ಸಾಮಾನು

ಮಗಳ ಮನೆ ಇರುವುದು ವರ್ಜೀನಿಯಾದ ರಿಚ್ಮಂಡ್ ಊರಿನಾಚೆ. ಅಲ್ಲಿಂದ ವಿಲಿಯಮ್ಸ್‌ಬರ್ಗಿಗೆ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಮೂರು ರಾತ್ರಿಗೆ ರೂಮು ಗೊತ್ತುಮಾಡಿದ್ದ ಅಳಿಯ, "ಮಾವ, ಹೆದ್ದಾರಿ ಬೇಡ. ರೂಟ್ 5 ಅಂತ ಹಳೇ ರಸ್ತೆ ಇದೆ, ನಿಧಾನ ಆಗತ್ತೆ, ಆದ್ರೆ ನಿಮಗೆ ಹಿಡಿಸತ್ತೆ" ಅಂದ. ಜೂನ್ ಮೊದಲ ವಾರ. ಬೆಳಿಗ್ಗೆ ಎಂಟಕ್ಕೇ ಮಂಗಳೂರಿನ ಸೆಕೆ, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ರಸ್ತೆ ಹಿಡಿಸಿತು. ಜೇಮ್ಸ್ ನದಿಯನ್ನು ಮರೆಯಲ್ಲಿಟ್ಟುಕೊಂಡೇ ಅದರ ಜೊತೆ ಸಾಗುವ ದಾರಿ, ಎರಡು ಬದಿಯ ಮರಗಳು ನೆತ್ತಿಯ ಮೇಲೆ ಕೈ ಕೈ ಹಿಡಿದಿವೆ. ಪಕ್ಕದಲ್ಲಿ ಸೈಕಲ್ಲಿನವರಿಗೇ ಒಂದು ಕಿರುದಾರಿ. ಆಗಾಗ ಶರ್ಲಿ, ಬರ್ಕ್ಲಿ ಎಂದು ಹಳೇ ಜಮೀನ್ದಾರಿ ಎಸ್ಟೇಟುಗಳ ಬೋರ್ಡು. ಇವೆಲ್ಲ ಹೊಗೆಸೊಪ್ಪು ಬೆಳೆದು ದೊಡ್ಡವರಾದವರ ಜಾಗ ಎಂದು ಅಳಿಯ ಹೇಳಿದ್ದೇ ತಡ, ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ನನ್ನ ಹೆಂಡತಿ ಎದ್ದು ಕೂತಳು. ಅವಳ ತವರು ಹುಣಸೂರು. ಅವಳ ಅಣ್ಣಂದಿರು ಬ್ಯಾರನ್ನಿನಲ್ಲಿ ರಾತ್ರಿಯಿಡೀ ಬೆಂಕಿ ಕಾದು ಸೊಪ್ಪು ಬೇಯಿಸಿದವರು. ಅಲ್ಲಿ ಆ ಬೆಳೆಗೆ ಹೆಸರೇ 'ವರ್ಜೀನಿಯಾ ತಂಬಾಕು'.

"ಇದೇನ್ರೀ ಆ ವರ್ಜೀನಿಯಾ?" ಅಂದಳು.

ಮೂವತ್ತೈದು ವರ್ಷ ಬಾಯಲ್ಲಿ ಆಡಿದ ಹೆಸರು ಒಂದು ಊರಿನದೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆಮೇಲೆ ದಾರಿಯುದ್ದಕ್ಕೂ ಕಿಟಕಿಗೆ ಮುಖ ಒತ್ತಿಕೊಂಡು ಹೊಗೆಸೊಪ್ಪಿನ ಗಿಡ ಹುಡುಕಿದಳು. ಒಂದೂ ಕಾಣಲಿಲ್ಲ. ಜೋಳ, ಸೋಯಾ, ಮತ್ತೆ ಕಾಡು.

ಅರ್ಧ ದಾರಿಯಲ್ಲಿ ಮೊಮ್ಮಗನಿಗೆ ಬಾತ್‌ರೂಮು ಬೇಕಾಯಿತು. ನಿಂತದ್ದು ಒಂದು ಹಳೇ ಸಾಮಾನಿನ ಅಂಗಡಿಯ ಮುಂದೆ. ಒಳಗೆ ಕುರ್ಚಿ, ಗಡಿಯಾರ, ತುಕ್ಕು ಹಿಡಿದ ಹಾರೆ, ಮೂಲೆಯಲ್ಲಿ ಶೂ ಡಬ್ಬಿಗಳ ತುಂಬ ಪೋಸ್ಟ್‌ಕಾರ್ಡು. ಯಾವುದು ತೆಗೆದರೂ ಒಂದು ಡಾಲರ್. ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದಾಗ ಬಂತು ಈ ಕಾರ್ಡು: ಬಿಳಿ ಗೋಡೆಯ ಉದ್ದನೆಯ ಕೋಣೆ, ಎದುರುಬದುರು ಬೆಂಚು, ನಡುವೆ ಹಸಿರು ಬಟ್ಟೆ ಹೊದಿಸಿದ ಮೇಜು, ಕೊನೆಯಲ್ಲಿ ಅರ್ಧಚಂದ್ರದ ಗೋಡೆಗೆ ಬೆನ್ನು ಕೊಟ್ಟು ಎತ್ತರ ಬೆನ್ನಿನ ಕುರ್ಚಿ. ಕೆಳಗೆ ಎರಡು ಸಾಲು: ವಿಲಿಯಮ್ಸ್‌ಬರ್ಗಿನ ಕ್ಯಾಪಿಟಲ್, ಹೌಸ್ ಆಫ್ ಬರ್ಜೆಸಸ್ಸಿನ ಸಭಾಂಗಣ, ಪ್ಯಾಟ್ರಿಕ್ ಹೆನ್ರಿ ಗುಡುಗಿದ ಸ್ಥಳ. ಕ್ಯಾಪಿಟಲ್ ಅಂದರೆ ಶಾಸನಸಭೆಯ ಕಟ್ಟಡ, ಬರ್ಜೆಸ್‌ಗಳು ಅಂದರೆ ಬ್ರಿಟಿಷರ ಕಾಲದ ವರ್ಜೀನಿಯಾದ ಚುನಾಯಿತ ಸದಸ್ಯರು, ಹೆನ್ರಿ ಅವರಲ್ಲೊಬ್ಬ ಹೆಸರಾಂತ ಭಾಷಣಕಾರ.

ಬೇರೆಯವರಾಗಿದ್ದರೆ ಆ ಕುರ್ಚಿ ನೋಡುತ್ತಿದ್ದರು. ನಾನು ನೋಡಿದ್ದು ಮೇಜು. ಮೂವತ್ತೊಂದು ವರ್ಷ ವಿಧಾನಸೌಧದಲ್ಲಿ ಶೀಘ್ರಲಿಪಿ ವರದಿಗಾರನಾಗಿದ್ದೆ. ಮಾನ್ಯ ಸದಸ್ಯರು ಆಡಿದ್ದನ್ನು, ಕೂಗಿದ್ದನ್ನು, ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದು ಹೇಳಿದ್ದನ್ನು ಪಾಳಿಯ ಮೇಲೆ ಬರೆದುಕೊಳ್ಳುವುದು ನನ್ನ ಹೊಟ್ಟೆಪಾಡು. ಯಾವ ಸಭಾಂಗಣದ ಚಿತ್ರ ಕಂಡರೂ ನಮ್ಮವನು ಎಲ್ಲಿ ಕೂರುತ್ತಿದ್ದ ಎಂದೇ ಕಣ್ಣು ಹುಡುಕುತ್ತದೆ.

ಹಿಂಬದಿಯಲ್ಲಿ ಎರಡು ಸೆಂಟಿನ ಅಂಚೆಚೀಟಿ, ಅದರ ಮೇಲೆ ಥಾಮಸ್ ಜೆಫರ್ಸನ್ನನ ಮುಖ. ಮುದ್ರೆ 1956ರ ಜೂನ್. ನೀಲಿ ಶಾಯಿಯಲ್ಲಿ ಯಾರೋ ಅಕ್ಕನೋ ತಂಗಿಯೋ ಒಹಾಯೊಗೆ ಬರೆದದ್ದು: ಮಳೆ ಬರುತ್ತಿದೆ, ಕಾಲು ನೋಯುತ್ತಿದೆ, ಈ ಕೋಣೆ ಮಾತ್ರ ತಂಪಾಗಿತ್ತು, ಭಾನುವಾರ ಬರುತ್ತೇವೆ. 1956 ಅಂದರೆ ನಮ್ಮ ವಿಧಾನಸೌಧ ಕಟ್ಟಿ ಮುಗಿದ ವರ್ಷ. ಡಾಲರ್ ಕೊಟ್ಟೆ.

ಗಲ್ಲಾದಲ್ಲಿದ್ದ ಮುದುಕ ಕಾರ್ಡಿನ ಮೇಲೆ ಬೆರಳಾಡಿಸಿ ತೋರಿಸಿದ. ನೇಯ್ದ ಬಟ್ಟೆಯ ಹಾಗೆ ತರಿತರಿ. ಇದಕ್ಕೆ ಲಿನನ್ ಕಾರ್ಡು ಅನ್ನುತ್ತಾರಂತೆ, 1930ರಿಂದ ಸುಮಾರು ಇಪ್ಪತ್ತು ವರ್ಷ ಇವುಗಳದ್ದೇ ರಾಜ್ಯಭಾರ. ಕಪ್ಪುಬಿಳುಪು ಫೋಟೋಕ್ಕೆ ಛಾಪಖಾನೆಯವರು ತಮಗೆ ತೋಚಿದ ಬಣ್ಣ ಬಳಿಯುತ್ತಿದ್ದರು. "ಬಣ್ಣ ನಂಬಬೇಡ" ಅಂದ. ತುಸು ತಡೆದು, "ಕೆಳಗಿನ ಬರಹವನ್ನೂ" ಅಂತ ಸೇರಿಸಿ ನಕ್ಕ. ಯಾಕೆ ನಕ್ಕನೆಂದು ಮರುದಿನ ತಿಳಿಯಿತು.

ರಾತ್ರಿ ಊಟ ಪ್ಯಾನ್‌ಕೇಕು. ವಿಲಿಯಮ್ಸ್‌ಬರ್ಗಿನಲ್ಲಿ ಪ್ಯಾನ್‌ಕೇಕ್ ಹೋಟೆಲುಗಳು ನಮ್ಮ ದರ್ಶಿನಿಗಳಷ್ಟಿವೆ, ಸಸ್ಯಾಹಾರಿಗಳು ಬದುಕುವುದು ಅವುಗಳಿಂದಲೇ. ಆದರೆ ಅನೇಕವು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತವೆ. ತೆರೆದಿದ್ದ ಒಂದನ್ನು ಹುಡುಕುವಷ್ಟರಲ್ಲಿ ಮೊಮ್ಮಗ ಕಾರಿನಲ್ಲೇ ನಿದ್ದೆ ಹೋಗಿದ್ದ. ಹೋಟೆಲಿನ ಹಿಂದಿನ ಹುಲ್ಲಿನ ಮೇಲೆ ಮಿಂಚುಹುಳಗಳು. ಬೆಂಗಳೂರಿನಲ್ಲಿ ಕಂಡು ಎಷ್ಟು ವರ್ಷವಾಯಿತೋ.

ಎರಡನೇ ದಿನ: ಇಲ್ಲದ ಕೋಣೆ

ವಿಲಿಯಮ್ಸ್‌ಬರ್ಗಿನ ಹಳೇ ಭಾಗವೆಂದರೆ ಹದಿನೆಂಟನೇ ಶತಮಾನದ ರಾಜಧಾನಿಯನ್ನು ಮರುಕಟ್ಟಿ ನೋಟಕ್ಕಿಟ್ಟ ಊರು, ಕೆಲಸದವರೂ ಆ ಕಾಲದ ಉಡುಪಿನಲ್ಲೇ ಇರುತ್ತಾರೆ. ಊರಿನ ಬೆನ್ನೆಲುಬು ಡ್ಯೂಕ್ ಆಫ್ ಗ್ಲಾಸ್ಟರ್ ಬೀದಿ, ಸುಮಾರು ಒಂದು ಮೈಲಿ ನೇರ. ಪಶ್ಚಿಮದ ತುದಿಯಲ್ಲಿ 1693ರಲ್ಲಿ ಸನ್ನದು ಪಡೆದ ವಿಲಿಯಮ್ ಅಂಡ್ ಮೇರಿ ಕಾಲೇಜು, ಪೂರ್ವದ ತುದಿಯಲ್ಲಿ ಕ್ಯಾಪಿಟಲ್. ಕಾರು ಬಿಡುವುದಿಲ್ಲ, ಕುದುರೆಗಾಡಿ ಮಾತ್ರ. ಬೀದಿಯಲ್ಲಿ ಓಡಾಡಲು ದುಡ್ಡಿಲ್ಲ. ಕಟ್ಟಡಗಳ ಒಳಕ್ಕೆ ಹೋಗಲು, ಕಸುಬಿನವರ ಅಂಗಡಿ ನೋಡಲು ಟಿಕೆಟ್ಟು. ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕ್ಯಾಪಿಟಲ್ ಮೊದಲು ಮುಗಿಸಿಕೊಳ್ಳುವುದು ಜಾಣತನ. ಹನ್ನೊಂದರ ಮೇಲೆ ಶಾಲಾ ಮಕ್ಕಳ ದಂಡು ಬರುತ್ತದೆ, ಬಿಸಿಲೂ ಬರುತ್ತದೆ.

ನಾವು ಜಾಣರಾಗಲಿಲ್ಲ. ಕೋರ್ಟಿನ ಮುಂದೆ ಕಳ್ಳರ ಕೊರಳು, ಕೈ ಸಿಗಿಸುವ ಮರದ ಹಲಗೆ ಇದೆ. ಮೊಮ್ಮಗ ಅದರಲ್ಲಿ ತಲೆ ತೂರಿಸಿದ, ಮಗಳು ಇಪ್ಪತ್ತು ಫೋಟೋ ತೆಗೆದಳು, ಅಷ್ಟರಲ್ಲಿ ನನ್ನ ಹೆಂಡತಿಯ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಹತ್ತಿರದಲ್ಲಿ ಹದಿನೆಂಟನೇ ಶತಮಾನದ ಮೋಚಿಯ ಅಂಗಡಿ. ಮೊಣಕಾಲಿನ ತನಕ ಬಿಗಿ ಚಲ್ಲಣ, ಚರ್ಮದ ಏಪ್ರನ್ನು ತೊಟ್ಟು ಒಬ್ಬ ಮೇಣ ಸವರಿದ ದಾರದಲ್ಲಿ ಅಟ್ಟೆ ಹೊಲಿಯುತ್ತ ಕೂತಿದ್ದ. ಇವಳು ಸೀದಾ ಹೋಗಿ ಚಪ್ಪಲಿ ಅವನ ಮುಂದಿಟ್ಟಳು. ನೋಟಕ್ಕೆ ಇಟ್ಟ ಅಂಗಡಿ, ರಿಪೇರಿಗೆ ಅಲ್ಲ ಎಂದು ಮಗಳು ಪಿಸುಗುಟ್ಟಿದರೂ ಕೇಳಲಿಲ್ಲ. ಅವನು ರಬ್ಬರಿನ ಅಟ್ಟೆಯನ್ನು ತಿರುವಿ ತಿರುವಿ ನೋಡಿ, "ಅಮ್ಮಾ, ಈ ಪ್ರಾಣಿಯ ಚರ್ಮ ನಮ್ಮ ಕಡೆ ಕಂಡಿಲ್ಲ" ಅಂದ. ನಗು ಮುಗಿದ ಮೇಲೆ ಒಂದು ಗೇಣು ಮೇಣದ ದಾರ ಕತ್ತರಿಸಿ ಕೊಟ್ಟ. ಅವಳೇ ಬಿಗಿದು ಕಟ್ಟಿಕೊಂಡಳು, ಆ ಗಂಟು ಪ್ರವಾಸ ಮುಗಿಯುವವರೆಗೆ ಬಿಚ್ಚಲಿಲ್ಲ. ಆ ಕಾಲದ ಜೋಡಿನಲ್ಲಿ ಎಡ ಬಲ ಎಂಬುದಿಲ್ಲ, ಎರಡೂ ಒಂದೇ ಆಕಾರ ಎಂಬುದನ್ನೂ ಅವನೇ ಹೇಳಿದ್ದು.

ಕ್ಯಾಪಿಟಲ್ ಇಂಗ್ಲಿಷಿನ ಎಚ್ ಅಕ್ಷರದಂತಿದೆ. ಎರಡು ಉದ್ದನೆಯ ರೆಕ್ಕೆ, ನಡುವೆ ಕಮಾನುಗಳ ಮೇಲೆ ಕೂತ ಒಂದು ಸೇತುವೆಕೋಣೆ. ಒಂದು ರೆಕ್ಕೆಯಲ್ಲಿ ಗವರ್ನರನ ಕೌನ್ಸಿಲ್ಲು ಮತ್ತು ಕೋರ್ಟು, ಇನ್ನೊಂದರಲ್ಲಿ ಚುನಾಯಿತರಾದ ಬರ್ಜೆಸ್‌ಗಳು. ಎರಡು ಕಡೆಯವರಿಗೂ ಜಗಳ ಬಂದರೆ ಸೇತುವೆಕೋಣೆಯಲ್ಲಿ ಸೇರಿ ಬಗೆಹರಿಸಿಕೊಳ್ಳುವುದು. ಇದನ್ನು ಯೋಚಿಸಿದವನಿಗೆ ಕೈ ಮುಗಿಯಬೇಕು.

ಒಳಗೆ ಹೋದರೆ ಕಾರ್ಡಿನ ಕೋಣೆಯೇ. ನೆಲದಂತಸ್ತು, ದುಂಡನೆಯ ಗೋಡೆ, ಅದರಲ್ಲಿ ದುಂಡನೆಯ ಕಿಟಕಿಗಳು, ಕುರ್ಚಿ, ಮೇಜು. ಮೇಜಿನ ಬಟ್ಟೆ ಹಸಿರೇ, ಆದರೆ ಕಾರ್ಡಿನಲ್ಲಿದ್ದಷ್ಟು ಗಿಳಿಹಸಿರಲ್ಲ. ಒಹಾಯೊದವಳ ಅಕ್ಕನ ಮಾತು ನಿಜ, ಕೋಣೆ ತಂಪಾಗಿತ್ತು. ಗೌನು ತೊಟ್ಟು ಬಿಳೀ ಟೋಪಿ ಹಾಕಿದ್ದ ಗೈಡಮ್ಮನಿಗೆ ಕಾರ್ಡು ತೋರಿಸಿದೆ. ಓದಿ ಹುಬ್ಬು ಹಾರಿಸಿದಳು.

"ಪ್ಯಾಟ್ರಿಕ್ ಹೆನ್ರಿ ಈ ಕೋಣೆಗೆ ಕಾಲಿಟ್ಟಿರಲಾರ. ಇದು ಸುಟ್ಟಾಗ ಅವನಿಗೆ ಹತ್ತು ವರ್ಷ."

ಕತೆ ಹೀಗೆ. ರಾಜಧಾನಿ ಜೇಮ್ಸ್‌ಟೌನಿನಲ್ಲಿತ್ತು. ಅಲ್ಲಿಯ ಸಭಾಭವನ 1698ರಲ್ಲಿ ಸುಟ್ಟ ಮೇಲೆ, 1699ರಲ್ಲಿ ಇಲ್ಲಿಗೆ ಬಂತು. ಹೊಸ ಕಟ್ಟಡ 1705ಕ್ಕೆ ಮುಗಿಯಿತು. ಬೆಂಕಿಯ ಪೆಟ್ಟು ತಿಂದಿದ್ದವರು ಒಲೆ ಬೇಡ, ಮೇಣದಬತ್ತಿ ಬೇಡ, ಹೊಗೆಸೊಪ್ಪೂ ಸೇದಬಾರದು ಎಂದು ಕಟ್ಟು ಮಾಡಿದರು. ಹೊಗೆಸೊಪ್ಪಿನಿಂದಲೇ ಬದುಕಿದ ನಾಡಿನಲ್ಲಿ! ಕೊನೆಗೆ ತೇವ ತಾಳಲಾರದೆ 1723ರಲ್ಲಿ ಚಿಮಣಿ ಕಟ್ಟಿಸಿದರು. 1747ರ ಜನವರಿ 30ರಂದು ಸುಟ್ಟೇ ಹೋಯಿತು. ಅದೇ ಜಾಗದಲ್ಲಿ ಎರಡನೆಯದು 1753ಕ್ಕೆ ಎದ್ದಿತು. ಹೆನ್ರಿ ಮಾತಾಡಿದ್ದು, 1776ರ ಮೇ 15ರಂದು ಸ್ವಾತಂತ್ರ್ಯದ ಠರಾವು ಆದದ್ದು ಎಲ್ಲ ಅದರಲ್ಲಿ. 1780ರಲ್ಲಿ ರಾಜಧಾನಿ ರಿಚ್ಮಂಡಿಗೆ ಹೋಯಿತು, ಬರಿದಾದ ಆ ಕಟ್ಟಡದಲ್ಲಿ ಉಳಿದಿದ್ದ ಭಾಗವೂ 1832ರಲ್ಲಿ ಸುಟ್ಟಿತು.

ಈಗಿರುವುದು 1934ರದ್ದು. ಗುಡ್‌ವಿನ್ ಎಂಬ ಪಾದ್ರಿ ಹಟ ಹಿಡಿದ, ಎಣ್ಣೆ ಸಾಹುಕಾರ ರಾಕ್‌ಫೆಲರ್ ಕಿರಿಯ ಹಣ ಕೊಟ್ಟ, 1926ರಿಂದ ಊರನ್ನೇ ಹಿಂದಕ್ಕೆ ತಿರುಗಿಸತೊಡಗಿದರು. ಅಡಿಪಾಯವೊಂದೇ ಉಳಿದಿದ್ದ ಜಾಗದಲ್ಲಿ ಯಾವ ಕ್ಯಾಪಿಟಲ್ ಕಟ್ಟುವುದು, ಮೊದಲನೆಯದೋ ಎರಡನೆಯದೋ? ಗೈಡಮ್ಮನ ಉತ್ತರಕ್ಕೆ ನಾನು ಕಿವಿ ನಿಮಿರಿಸಿದೆ. ಮೊದಲನೆಯದಕ್ಕೆ ಕಾಗದಪತ್ರ ಇತ್ತು. ಉದ್ದ 75 ಅಡಿ, ಅಗಲ 25 ಅಡಿ, ತುದಿ ದುಂಡಗಿರಬೇಕು ಎಂದು ಶಾಸನಸಭೆ ಕಾಯಿದೆಯಲ್ಲೇ ಬರೆದಿಟ್ಟಿತ್ತು. ಸಾಲದ್ದಕ್ಕೆ 1929ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಾಲಯದಲ್ಲಿ ಒಂದು ತಾಮ್ರದ ತಗಡು ಸಿಕ್ಕಿತು, ಅದರ ಮೇಲೆ ಈ ಕಟ್ಟಡದ ಕೆತ್ತನೆ. ಎರಡನೆಯದಕ್ಕೆ ಅಷ್ಟು ದಾಖಲೆ ಇರಲಿಲ್ಲ. ಹಾಗಾಗಿ ದೊಡ್ಡ ಮಾತುಗಳು ನಡೆದ ಕೋಣೆ ಹೋಯಿತು, ಬರಹ ಇದ್ದ ಕೋಣೆ ಎದ್ದಿತು.

"ಸರಿ, ಹೆನ್ರಿ ಏನು ಹೇಳಿದ ಅಂತ ಬರೆದುಕೊಂಡವರು ಯಾರು?" ಎಂದೆ. ನನ್ನ ಕಸುಬಿನವನ ಕುರ್ಚಿ ಯಾವುದೆಂದು ತಿಳಿಯಬೇಕಿತ್ತು.

"ಯಾರೂ ಇಲ್ಲ. ಕ್ಲಾರ್ಕ್ ನಿರ್ಣಯ ಬರೆಯುತ್ತಿದ್ದ, ಮಾತು ಬರೆಯುತ್ತಿರಲಿಲ್ಲ."

ಬೆಂಚಿನ ಮೇಲೆ ಕೂತುಬಿಟ್ಟೆ. 1765ರ ಮೇ 29. ಇಂಗ್ಲೆಂಡಿನ ಪಾರ್ಲಿಮೆಂಟು ಹಾಕಿದ ಸ್ಟ್ಯಾಂಪ್ ತೆರಿಗೆಯ ವಿರುದ್ಧ ಹೆನ್ರಿ ಒಂದರ ಹಿಂದೊಂದು ಠರಾವುಗಳನ್ನು ತಂದ. ಅವನಿಗೆ ಅಂದು 29 ತುಂಬಿತ್ತು, ಸದಸ್ಯನಾಗಿ ಹತ್ತು ದಿನವೂ ಆಗಿರಲಿಲ್ಲ. ಅಧಿವೇಶನದ ಕೊನೆಗಾಲ, ಬಹಳ ಮಂದಿ ಊರಿಗೆ ಹೋಗಿ 116 ಜನರಲ್ಲಿ 39 ಮಂದಿ ಉಳಿದಿದ್ದರು. ಕೊನೆಯ ವಾರದ ಶುಕ್ರವಾರ ನಮ್ಮ ಸದನವೂ ಹಾಗೇ ಇರುತ್ತಿತ್ತು. ಸೀಸರನಿಗೆ ಬ್ರೂಟಸ್ ಇದ್ದ, ಚಾರ್ಲ್ಸ್‌ನಿಗೆ ಕ್ರಾಮ್‌ವೆಲ್ ಇದ್ದ ಎಂದು ಆಳುವವರ ಜೀವ ತೆಗೆದವರನ್ನು ಹೆಸರಿಸಿ ಹೆನ್ರಿ ಜಾರ್ಜ್ ದೊರೆಯ ಹತ್ತಿರ ಬಂದಾಗ ಸಭಾಧ್ಯಕ್ಷ ರಾಬಿನ್ಸನ್ ಎದ್ದು ರಾಜದ್ರೋಹ ಎಂದ. 'ಇದು ರಾಜದ್ರೋಹವಾದರೆ ಆಗಲಿ, ಮಾಡುವುದು ಮಾಡಿಕೊಳ್ಳಿ' ಎಂಬ ಹೆನ್ರಿಯ ಉತ್ತರ ಇಲ್ಲಿಯ ಶಾಲಾ ಮಕ್ಕಳಿಗೆಲ್ಲ ಬಾಯಿಪಾಠ. ಆದರೆ ಆ ಮಾತು ಪ್ರಸಿದ್ಧವಾದದ್ದು 1817ರಲ್ಲಿ ಬಂದ ಜೀವನಚರಿತ್ರೆಯಿಂದ, ಐವತ್ತೆರಡು ವರ್ಷದ ಮೇಲೆ. ಆ ಚರ್ಚೆಯನ್ನು ಬಾಗಿಲ ಬಳಿ ನಿಂತು ಕೇಳಿದ ಒಬ್ಬ ಫ್ರೆಂಚ್ ಪ್ರವಾಸಿಯ ದಿನಚರಿ ಪ್ಯಾರಿಸ್ಸಿನಲ್ಲಿ ಸಿಕ್ಕಿ 1921ರಲ್ಲಿ ಅಚ್ಚಾಯಿತು. ಅದರಲ್ಲಿ ಹೆನ್ರಿ ಕ್ಷಮೆ ಕೇಳುತ್ತಾನೆ!

ಅದೇ ಬಾಗಿಲ ಬಳಿ ನಿಂತಿದ್ದ ಇನ್ನೊಬ್ಬ, 22 ವರ್ಷದ ಕಾನೂನು ವಿದ್ಯಾರ್ಥಿ, ನನ್ನ ಕಾರ್ಡಿನ ಅಂಚೆಚೀಟಿಯಲ್ಲಿದ್ದ ಜೆಫರ್ಸನ್. ಐದನೆಯ ಠರಾವು ಒಂದೇ ಮತದಿಂದ ಗೆದ್ದದ್ದನ್ನೂ, ಸೋತ ಕಡೆಯ ಪೇಟನ್ ರ‍್ಯಾಂಡಾಲ್ಫ್ ಹೊರಬರುತ್ತ ಒಂದು ಮತಕ್ಕೆ 500 ಗಿನಿ ಕೊಡುತ್ತಿದ್ದೆ ಎಂದು ಗೊಣಗಿದ್ದನ್ನೂ ಅವನು ಮುದುಕನಾದ ಮೇಲೆ ನೆನೆದು ಬರೆದ. ನನಗೆ ಮೈ ಜುಮ್ಮೆಂದದ್ದು ಅವನು ಬರೆದ ಇನ್ನೊಂದು ಸಂಗತಿಗೆ. ಮರುದಿನ ಬೆಳಿಗ್ಗೆ ಹೋದರೆ ಪೀಟರ್ ರ‍್ಯಾಂಡಾಲ್ಫ್ ಎಂಬ ಕೌನ್ಸಿಲ್ ಸದಸ್ಯ ಕ್ಲಾರ್ಕಿನ ಮೇಜಿಗೆ ಕೂತು ಹಳೇ ನಡವಳಿಗಳ ಸಂಪುಟ ತಿರುವುತ್ತಿದ್ದಾನೆ. ಸಭೆ ಒಪ್ಪಿದ ಠರಾವನ್ನು ಅಳಿಸಿದ ಪೂರ್ವನಿದರ್ಶನ ಇದೆಯೇ ಎಂದು ಹುಡುಕುತ್ತಿದ್ದಾನೆ. ಅಷ್ಟರಲ್ಲಿ ಹೆನ್ರಿ ಊರಿಗೆ ಹೊರಟಿದ್ದ. ಐದನೆಯ ಠರಾವು ಅಳಿಸಿ ಹೋಯಿತು, ನಡವಳಿಯಲ್ಲಿ ನಾಲ್ಕೇ ಉಳಿದವು.

'ಕಡತದಿಂದ ತೆಗೆದುಹಾಕಿ.' ಎಷ್ಟು ಸಲ ಕೇಳಿದ್ದೇನೆ ಈ ಮಾತನ್ನು! ಪೀಠದಿಂದ ಅಪ್ಪಣೆ ಬಂದೊಡನೆ ನನ್ನ ಪೆನ್ನು ಹಿಂದಕ್ಕೆ ಹೋಗಿ ಆವರಣ ಹಾಕುತ್ತಿತ್ತು. ಮರುದಿನದ ಪತ್ರಿಕೆಯಲ್ಲಿ ಆ ತೆಗೆದ ಮಾತೇ ತಲೆಬರಹ. ಇಲ್ಲೂ ಹಾಗೇ ಆಯಿತು: ಜೂನ್ 24ರಂದು ರೋಡ್ ಐಲೆಂಡಿನ ನ್ಯೂಪೋರ್ಟ್ ಮರ್ಕ್ಯುರಿ ಪತ್ರಿಕೆ ಠರಾವುಗಳನ್ನು ಅಚ್ಚು ಹಾಕಿತು, ನಾಲ್ಕಲ್ಲ, ಆರು. ಅಳಿಸಿದ್ದೂ ಬಂತು, ಸಭೆ ಒಪ್ಪದಿದ್ದದ್ದೂ ಬಂತು.

ಹೊರಡುವಾಗ ಗೈಡಮ್ಮ ನನ್ನನ್ನು ನಿಲ್ಲಿಸಿ, "ಈ ಕೋಣೆಯ ಕಾಲದ ಕಾಯಿದೆ ಬೇಕಿದ್ದರೆ ಒಂದಿದೆ" ಅಂದಳು. ಕಟ್ಟಡ ಮುಗಿದ 1705ರಲ್ಲೇ ವರ್ಜೀನಿಯಾ ಸಭೆ ಗುಲಾಮರ ಕುರಿತ ಕಾಯಿದೆಗಳನ್ನು ಪಾಸು ಮಾಡಿತು. ಗುಲಾಮರು ಸ್ಥಿರಾಸ್ತಿ, ಹೊಲಮನೆಯ ಹಾಗೆ. ತಿದ್ದಲು ಹೋಗಿ ಗುಲಾಮ ಸತ್ತರೆ ಯಜಮಾನನಿಗೆ ಶಿಕ್ಷೆಯಿಲ್ಲ. ಅದರ ಒಂದಕ್ಷರವೂ ಕಳೆದಿಲ್ಲ, ಯಾರೂ ಕಡತದಿಂದ ತೆಗೆದಿಲ್ಲ. ಅಮೆರಿಕದ ಕ್ರಾಂತಿಯ ಹೊತ್ತಿಗೆ ಈ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪುವರ್ಣದವರು. ನಾನು ಕೊಂಡ ಕಾರ್ಡಿನ ಎರಡು ಸಾಲಿನಲ್ಲಿ ಅವರಿಗೆ ಜಾಗವಿಲ್ಲ.

ಮಧ್ಯಾಹ್ನ ಒಂದು ಹಳೇಕಾಲದ ಊಟದ ಮನೆಗೆ ಹೋದೆವು. ಕಡಲೆಕಾಯಿ ಸೂಪು ಇಲ್ಲಿಯ ವಿಶೇಷವೆಂದು ಕೇಳಿ ಹೆಂಡತಿಗೆ ಆಸೆ. ಕೇಳಿದ್ದು ಒಳ್ಳೆಯದಾಯಿತು, ಕೋಳಿಯ ಸಾರಿನಲ್ಲಿ ಮಾಡುತ್ತಾರಂತೆ. ಸಸ್ಯಾಹಾರಿಗಳು ಇಲ್ಲಿ ಸೂಪು ಎಂದ ಕಡೆಯೆಲ್ಲ ಒಂದು ಪ್ರಶ್ನೆ ಕೇಳಿಯೇ ಚಮಚ ಎತ್ತಬೇಕು. ಬ್ರೆಡ್ಡು ತಿಂದು ಎದ್ದು ರಾಲಿ ಟ್ಯಾವರ್ನಿನ ಹಿಂದಿನ ಬೇಕರಿಯಲ್ಲಿ ಶುಂಠಿ ಬಿಸ್ಕತ್ತು ಕೊಂಡೆವು. ಬಿಸಿಯಾಗಿತ್ತು, ಮೆತ್ತಗಿತ್ತು, ಗಂಟಲಿಗೆ ಶುಂಠಿ ತಾಗಿತು. 1769ರಲ್ಲಿ, ಮತ್ತೆ 1774ರಲ್ಲಿ ಗವರ್ನರು ಸಭೆ ವಿಸರ್ಜಿಸಿದಾಗ ಸದಸ್ಯರು ಬೀದಿಗುಂಟ ನಡೆದು ಇದೇ ರಾಲಿ ಟ್ಯಾವರ್ನಿಗೆ ಬಂದು ಸಭೆ ಮುಂದುವರಿಸಿದ್ದರು. ಈಗಿನ ಟ್ಯಾವರ್ನೂ ಮರುಕಟ್ಟಿದ್ದೇ. ಬಿಸ್ಕತ್ತು ಮಾತ್ರ ಅಂದಂದಿನದು.

ನಾಲ್ಕು ಗಂಟೆಗೆ ಆಕಾಶ ಕಪ್ಪಾಗಿ ಗುಡುಗು, ಮಳೆ. ಸೇರಿಕೊಂಡದ್ದು ಅಚ್ಚುಕೂಟದಲ್ಲಿ. ಹುಡುಗನೊಬ್ಬ ಸೀಸದ ಮೊಳೆಗಳನ್ನು ತಲೆಕೆಳಗಾಗಿ, ಎಡದಿಂದ ಬಲಕ್ಕೆ ಜೋಡಿಸುತ್ತಿದ್ದ. ಚಿಕ್ಕವನಿದ್ದಾಗ ಅರಸೀಕೆರೆಯ ಪ್ರೆಸ್ಸಿನಲ್ಲಿ ಮದುವೆ ಕರೆಯೋಲೆಗೆ ಮೊಳೆ ಜೋಡಿಸುವುದನ್ನು ನಾನು ಕಂಡಿದ್ದೆ, ಹಾಗಾಗಿ ಅವನ ಪೆಟ್ಟಿಗೆ ನೋಡಿ ಕನಿಕರವಾಯಿತು. ಇಪ್ಪತ್ತಾರೇ ಅಕ್ಷರ. ನಮ್ಮ ಕಾಗುಣಿತ, ಒತ್ತಕ್ಷರಗಳನ್ನು ಕೊಟ್ಟರೆ ಕೆಲಸ ಬಿಟ್ಟು ಓಡಿಹೋಗುತ್ತಿದ್ದ.

ಮೂರನೇ ದಿನ: ಬಿಸಿಲು

ಜೇಮ್ಸ್‌ಟೌನಿಗೆ ಕಲೋನಿಯಲ್ ಪಾರ್ಕ್‌ವೇ ಎಂಬ ದಾರಿ. ಯಾರ್ಕ್‌ಟೌನಿನಿಂದ ಜೇಮ್ಸ್‌ಟೌನಿನ ತನಕ ಒಟ್ಟು 23 ಮೈಲಿ. ಲಾರಿ ಬಿಡುವುದಿಲ್ಲ, ಜಾಹೀರಾತು ಫಲಕವಿಲ್ಲ, ಪೆಟ್ರೋಲ್ ಬಂಕಿಲ್ಲ. ರಸ್ತೆಗೆ ಲೇನಿನ ಗೆರೆಯೂ ಇಲ್ಲ, ಉರುಟು ಜಲ್ಲಿ ಮೇಲೆ ಕಾಣುವ ಕಾಂಕ್ರೀಟು, ಚಕ್ರ ಉರುಳಿದರೆ ಸಣ್ಣಗೆ ಗುಂಯ್‌ಗುಡುತ್ತದೆ. ಹೊರಡುವ ಮುಂಚೆ ಟ್ಯಾಂಕು ತುಂಬಿಸಿಕೊಳ್ಳಬೇಕು. ಮತ್ತೆ ಫೋನಿಗೆ ದಾರಿ ಕೇಳುವಾಗ ಹುಷಾರು. ನಾವು 'ಜೇಮ್ಸ್‌ಟೌನ್' ಎಂದದ್ದಕ್ಕೆ ಅದು ನಮ್ಮನ್ನು ಹಡಗಿನ ಮಾದರಿಗಳಿರುವ ಸರ್ಕಾರಿ ಮ್ಯೂಸಿಯಮ್ಮಿಗೆ ಒಯ್ದಿತು. ಅಸಲಿ ದ್ವೀಪ ಅಲ್ಲಿಂದ ಮುಂದೆ, ಅದರ ಹೆಸರು ಹಿಸ್ಟಾರಿಕ್ ಜೇಮ್ಸ್‌ಟೌನ್. ಮೊಮ್ಮಗ ಹಡಗು ಕಂಡ ಮೇಲೆ ಹಿಂದೆ ತಿರುಗುವ ಹಾಗಿರಲಿಲ್ಲ. ಒಂದೂವರೆ ಗಂಟೆ ಹೋಯಿತು.

ದ್ವೀಪದಲ್ಲಿ ಸೊಳ್ಳೆ. ಜೌಗಿನ ಮೇಲೆ ಮರದ ಸೇತುವೆ, ಆಮೇಲೆ ನದಿಯ ದಂಡೆಗೆ ಒಂದು ಹಳೇ ಇಟ್ಟಿಗೆ ಗೋಪುರ, ಅದಕ್ಕೆ ಅಂಟಿಕೊಂಡು 1907ರಲ್ಲಿ ಕಟ್ಟಿದ ಚರ್ಚು. ಅದರ ಕೆಳಗೇ ಇದ್ದದ್ದು 50 ಅಡಿಗೆ 20 ಅಡಿಯ ಮರದ ಚರ್ಚು. 1619ರ ಜುಲೈ 30ರಂದು ಅದರೊಳಗೆ ಅಮೆರಿಕದಲ್ಲಿ ಇಂಗ್ಲಿಷರ ಮೊದಲ ಚುನಾಯಿತ ಸಭೆ ಕೂಡಿತು. ಹನ್ನೊಂದು ನೆಲೆಗಳಿಂದ ಇಬ್ಬಿಬ್ಬರಂತೆ 22 ಬರ್ಜೆಸ್‌ಗಳು. ಅವರಲ್ಲಿ ಇಬ್ಬರ ಬಗ್ಗೆ ಮೊದಲೇ ತಕರಾರು ಎದ್ದು ಅವರನ್ನು ಕೂರಿಸಲೇ ಇಲ್ಲ. ನಮಗೆ ಹೊಸ ಸುದ್ದಿಯಲ್ಲ ಬಿಡಿ. ಒಳ್ಳೇ ಹೊಗೆಸೊಪ್ಪಿಗೆ ಪೌಂಡಿಗೆ ಮೂರು ಶಿಲಿಂಗ್ ಎಂದು ಬೆಲೆ ಕಟ್ಟಿದರು. ಇದನ್ನು ಓದಿ ಹೇಳಿದಾಗ ಹುಣಸೂರಿನವಳು, "ನಮ್ಮ ಹರಾಜು ಕಟ್ಟೆಗಿಂತ ವಾಸಿ" ಅಂದಳು.

ಈ ಸಭೆಗೆ ಬರೆದುಕೊಳ್ಳುವವನೊಬ್ಬನಿದ್ದ! ಜಾನ್ ಪೋರಿ. ಕಾರ್ಯದರ್ಶಿಯೂ ಅವನೇ, ಸ್ಪೀಕರೂ ಅವನೇ. ಅವನ ವರದಿ ಲಂಡನ್ನಿನಲ್ಲಿ ಉಳಿದಿದ್ದರಿಂದಲೇ ಇಷ್ಟೂ ಗೊತ್ತು. ಸಭೆ ನಡೆದದ್ದು ಆರೇ ದಿನ. ಒಬ್ಬ ಸದಸ್ಯ ನಡುವೆಯೇ ತೀರಿಕೊಂಡ, ಗವರ್ನರನಿಗೂ ಕಾಯಿಲೆ, ವಿಪರೀತ ಬಿಸಿಲು. ಆಗಸ್ಟ್ 4ರಂದು ಸಭೆ ಮುಂದೂಡಿ ಎದ್ದರು. ಅದೇ ತಿಂಗಳ ಕೊನೆಯಲ್ಲಿ ನದಿಯ ಮುಖದ ಪಾಯಿಂಟ್ ಕಂಫರ್ಟಿನಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಆಫ್ರಿಕನ್ನರನ್ನು ಒಂದು ಹಡಗು ಇಳಿಸಿ ಆಹಾರಕ್ಕೆ ಮಾರಿತು.

ಚರ್ಚಿನ ಒಳಗೆ ಹತ್ತು ನಿಮಿಷ ನಿಂತಿದ್ದಕ್ಕೆ ನನ್ನ ಕನ್ನಡಕ ಬೆವರಿಗೆ ಜಾರಿ ಬಿತ್ತು. ಉಣ್ಣೆ ಬಟ್ಟೆ ತೊಟ್ಟು ಆರು ದಿನ ಕೂತವರನ್ನು ನೆನೆದೆ. ನಮ್ಮ ಮೈಸೂರಿನ ರಂಗಾಚಾರ್ಲು ಪುಣ್ಯಾತ್ಮರು. 1881ರಲ್ಲಿ 144 ಜನರ ಪ್ರಜಾಪ್ರತಿನಿಧಿ ಸಭೆಯನ್ನು ದಸರೆಗೆ ಕರೆದರು, ಹವೆ ನೋಡಿಕೊಂಡು.

ಸಂಜೆ ಜೇಮ್ಸ್ ನದಿಯ ದೋಣಿ. ಕಾರು ಸಮೇತ ದಾಟಿಸುತ್ತಾರೆ, ಇಪ್ಪತ್ತು ನಿಮಿಷ, ಒಂದು ಕಾಸೂ ಇಲ್ಲ. ಗಾಳಿಗೆ ಎಲ್ಲರೂ ಕಾರಿನಿಂದಿಳಿದು ಕಟಕಟೆ ಹಿಡಿದು ನಿಂತೆವು. ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ಮೀನುಗಿಡುಗದ ಗೂಡು. ಆಚೆ ದಡ ಸರ್ರಿ ಕೌಂಟಿ, ಕಡಲೆಕಾಯಿಯ ನಾಡು. ಅಂಗಡಿಯಾಕೆ ರುಚಿಗೆ ಒಂದು ಹಿಡಿ ಕೊಟ್ಟಳು. ಒಂದೊಂದು ಕಾಳೂ ನಮ್ಮ ಹಲಸಿನ ಬೀಜದ ತಮ್ಮನಂತೆ. ಬಸವನಗುಡಿಯಲ್ಲಿ ಕಾರ್ತೀಕದ ಕೊನೆಯ ಸೋಮವಾರ ಕಡಲೆಕಾಯಿಗೇ ಪರಿಷೆ ನಡೆಯುತ್ತದೆ, ಮೊದಲ ಬೆಳೆ ಬಸವಣ್ಣನಿಗೆ ಎಂದೆ. "ಎತ್ತು ತಿನ್ನುತ್ತದೋ?" ಎಂದು ಕೇಳಿದಳು. ಕಲ್ಲಿನದು ಎಂದು ವಿವರಿಸುವಷ್ಟರಲ್ಲಿ ವಾಪಸು ದೋಣಿಯ ಗಂಟೆ ಹೊಡೆಯಿತು, ಓಡಿದೆವು. ಆಕೆಯ ಮನಸ್ಸಿನಲ್ಲಿ ನಮ್ಮ ಎತ್ತು ಇವತ್ತಿಗೂ ತಿನ್ನುತ್ತಿರಬೇಕು.

ನಾಲ್ಕನೇ ದಿನ: ಯಾರ್ಕ್‌ಟೌನು, ಮತ್ತೊಂದು ಕಾರ್ಡು

ಯಾರ್ಕ್‌ಟೌನಿಗೆ ಅರ್ಧ ದಿನ ಸಾಕೆಂದುಕೊಂಡಿದ್ದೆವು, ನಿಜಕ್ಕೂ ಸಾಕು. ಹುಲ್ಲಿನ ದಿಬ್ಬಗಳು, ಫಿರಂಗಿ, ಕೆಳಗೆ ಅಗಲವಾದ ಯಾರ್ಕ್ ನದಿ. 1781ರ ಅಕ್ಟೋಬರ್ 19ರಂದು ಇಲ್ಲಿ ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಶರಣಾಯಿತು. ಏಳು ಸಾವಿರಕ್ಕೂ ಮೇಲ್ಪಟ್ಟ ಜನ. ಅವನು ಮಾತ್ರ ಮೈ ಸರಿಯಿಲ್ಲವೆಂದು ಡೇರೆಯಲ್ಲೇ ಉಳಿದು ಕತ್ತಿ ಒಪ್ಪಿಸಲು ಓಹಾರ ಎಂಬ ಅಧಿಕಾರಿಯನ್ನು ಕಳಿಸಿದ. ಫಲಕ ಓದುತ್ತಿದ್ದ ಮೊಮ್ಮಗನಿಗೆ, "ಇವನ ಮುಂದಿನ ಕತೆ ನನ್ನ ಹತ್ತಿರ ಕೇಳು" ಎಂದೆ. ಐದೇ ವರ್ಷಕ್ಕೆ ಗವರ್ನರ್ ಜನರಲ್ ಆಗಿ ನಮ್ಮಲ್ಲಿಗೆ ಬಂದ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಒಡೆದ, ಆ ಜಾಗಕ್ಕೆ ಗುರುತಿನ ಕಲ್ಲು ಕೆ.ಆರ್. ಮಾರ್ಕೆಟ್ಟಿನ ಹತ್ತಿರ ಇವತ್ತೂ ಇದೆ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳು.

"ನನ್ನಷ್ಟು ದೊಡ್ಡವರಾ ತಾತ, ಆ ಮಕ್ಕಳು?"

"ಹೆಚ್ಚುಕಮ್ಮಿ."

ಅವನು ಫಿರಂಗಿ ಬಿಟ್ಟು ಕೆಳಗಿಳಿದು ಅಜ್ಜಿಯ ಕೈ ಹಿಡಿದುಕೊಂಡ.

ನದಿಯ ದಂಡೆಯ ಅಂಗಡಿಯಲ್ಲಿ ಹೊಸ ಪೋಸ್ಟ್‌ಕಾರ್ಡು ಒಂದು ಕೊಂಡೆ. ಬೆಂಗಳೂರಿನಲ್ಲಿ ನನ್ನ ಜೊತೆ ಪಾಳಿ ಹಂಚಿಕೊಂಡ ಗೆಳೆಯನಿದ್ದಾನೆ, ಅವನಿಗೆ. ಕಾರ್ಡಿನಲ್ಲಿ ಜಾಗ ಕಡಿಮೆ, ಹೇಳುವುದು ಬಹಳ. ಶೀಘ್ರಲಿಪಿಯಲ್ಲೇ ಬರೆದೆ, ಹತ್ತು ವರ್ಷದ ಮೇಲೆ. ಅಂಚೆ ಕಚೇರಿಯ ಹೆಂಗಸು ಅಡ್ಡ ಉದ್ದ ತಿರುಗಿಸಿ, ಇದು ನಿಮ್ಮ ದೇಶದ ಭಾಷೆಯೋ ಎಂದು ಕೇಳಿದಳು. ಹೌದೆಂದೆ. ಹೊರದೇಶಕ್ಕೆ ಹಚ್ಚುವ ದುಂಡನೆಯ ಚೀಟಿ ಕೊಟ್ಟಳು, ಒಂದೇ ಸಾಕು, ತೂಕ ನೋಡಬೇಕಿಲ್ಲ. ಹಳೇ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೆದ್ದಾರಿಯಲ್ಲೇ ವಾಪಸು ಬಂದೆವು. ಟ್ರಾಫಿಕ್ಕು, ಮೊಸರನ್ನ.

ಐದು ವಾರದ ಮೇಲೆ ಒಂದು ಬೆಳಿಗ್ಗೆ ಆರಕ್ಕೇ ಗೆಳೆಯನ ಫೋನು. ಕಾರ್ಡು ಬಂದಿತ್ತು. ಅಂಚೆಮುದ್ರೆ ಅರ್ಧ ಬರಹದ ಮೇಲೆ ಬಿದ್ದಿದೆಯಂತೆ. "ಉಳಿದದ್ದು ಓದಿದೆ ಕಣಯ್ಯ" ಅಂದ. "ಆದ್ರೆ ನೀನು ಮೊದಲಿಂದಲೂ ಸ್ವರ ಹಾಕಲ್ಲ, ಅದೇ ನಿನ್ನ ರೋಗ. ಇಲ್ಲಿ ನೋಡು: ಹದಿನಾರುನೂರ ಹತ್ತೊಂಬತ್ತರಲ್ಲಿ ಬಸಳೆ ತಾಳಲಾರದೆ ಸಭೆ ಮುಂದೂಡಿದರು. ಏನಯ್ಯಾ ಇದು, ಬಸಳೆ?"

"ಬಿಸಿಲು ಕಣೋ."

"ಹಾಗೆ ಬರೀಬೇಕಪ್ಪ" ಅಂದ. "ಮನೆಯಲ್ಲಿ ಇವಳಿಗೆ ಓದಿ ಹೇಳಿಬಿಟ್ಟಿದ್ದೀನಿ. ಅವಳು ಆಗಲೇ ಅಕ್ಕನಿಗೆ ಹೇಳಿ ಆಯ್ತು."